ಡ್ರಾಯರಿನ ಸಕ್ಕರೆ

ಸ್ಪೇನಿನಲ್ಲಿ ಒಂದು ಸೆಮಿಸ್ಟರ್ ನಾನು ಏನೇನು ಓದಬೇಕು ಎಂಬುದನ್ನು ಗುಣಪಾಲ ಮಾಮ ನಮ್ಮ ಮನೆಯ ಊಟದ ಮೇಜಿನಲ್ಲಿ ಕುಳಿತು, ಬಂಗುಡೆಯ ಮುಳ್ಳು ಬಿಡಿಸುತ್ತಾ ತೀರ್ಮಾನಿಸಿಬಿಟ್ಟರು. ಮುಳ್ಳು ಬಿಡಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

"ಸಪ್ಲೈ ಚೈನ್ ಒಂದು ಹಾಕು ಅಕ್ಷಿತಾ. ಆಮದು-ರಫ್ತು ಒಂದು. ಮತ್ತೆ ಆ ನೆಗೋಶಿಯೇಶನ್ ಅಂತ ಉಂಟಲ್ಲ, ಅದು ಬೇಕೇ ಬೇಕು. ಮಾರ್ಕೆಟಿಂಗ್ ಇರ್ಲಿ. ಐದನೆಯದ್ದು ನಿನ್ನ ಇಷ್ಟ, ಟೈಲ್ಸಿಗೆ ಉಪಯೋಗ ಬೀಳುವಂಥದ್ದು ಯಾವುದಾದ್ರೂ ತಗೋ."

ಹೀಗೆ ಐದನೆಯ ವಿಷಯದಲ್ಲಿ ನನಗೆ ಸ್ವಾತಂತ್ರ್ಯ ಸಿಕ್ಕಿತು. ಅಮ್ಮ ಮಾಮನ ತಟ್ಟೆಗೆ ಇನ್ನೊಂದು ನೀರುದೋಸೆ ಹಾಕಿದಳು. ಅಪ್ಪ "ಹೌದು ಭಾವ, ಅದೇ ಸರಿ" ಎಂದರು. ಅಪ್ಪ ಈ ಮಾತನ್ನು ಎಷ್ಟು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆಂದರೆ, ಮಾಮ ಮಾತು ಮುಗಿಸುವ ಮೊದಲೇ ಅದು ಅವರ ಬಾಯಿಂದ ತಾನಾಗಿ ಹೊರಬೀಳುತ್ತದೆ.

ಮಾಮ ಎಂದರೆ ಅಮ್ಮನ ಅಣ್ಣ. ದುಬೈಯ ಅಲ್ ಕೂಜ್‌ನಲ್ಲಿ ಅವರದ್ದು ಟೈಲ್ಸ್ ಗೋದಾಮು, ಗೋದಾಮಿನ ಮುಂದೆಯೇ ಶೋರೂಮು. ಮಾಲು ಬರುವುದು ಸ್ಪೇನಿನಿಂದ. ಅಪ್ಪ ಅಲ್ಲಿ ಸ್ಟಾಕ್ ನೋಡಿಕೊಳ್ಳುತ್ತಾರೆ. ಮದುವೆಯಾದ ಮರುವರ್ಷ ಅಪ್ಪನನ್ನು ಉಡುಪಿಯಿಂದ ಕರೆಸಿ ವೀಸಾ ಕೊಟ್ಟವರು ಮಾಮ. ಈ ಅಲ್ ನಹ್ದಾದ ಫ್ಲ್ಯಾಟನ್ನು ಹುಡುಕಿಕೊಟ್ಟವರು ಮಾಮ. ನಾನು ಬಿದ್ದು ಮೊಣಕಾಲು ಒಡೆದುಕೊಂಡ ಮೊದಲ ಸೈಕಲ್ಲೂ ಮಾಮ ತಂದದ್ದೇ. ಅಮ್ಮನಿಗೆ ಅಲ್ ಕುಸೈಸ್‌ನ ಒಂದು ಆಸ್ಪತ್ರೆಯಲ್ಲಿ ಬಿಲ್ಲಿಂಗ್ ಕೆಲಸವಿದೆ. ನಮ್ಮ ಮನೆಯಲ್ಲಿ ಮಾಮ ಕೊಡಿಸದೆ ಬಂದದ್ದು ಅದೊಂದೇ. ಇಷ್ಟೆಲ್ಲ ಮಾಡಿದವರ ಮೇಲೆ ಪ್ರೀತಿಯಿಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋದೀತು. ಪ್ರೀತಿಯಿದೆ. ಸಿಟ್ಟೂ ಇದೆ, ಅದಕ್ಕೇನೂ ಕಡಿಮೆಯಿಲ್ಲ.

ಇದರ ಮೇಲೆ ನಮ್ಮದು ಅಳಿಯಕಟ್ಟಿನ ಮನೆತನ. ಮಕ್ಕಳು ಹೆತ್ತವಳ ಕುಟುಂಬಕ್ಕೆ ಸೇರಿದವರು, ಆ ಕುಟುಂಬದ ಯಜಮಾನ ಅಮ್ಮನ ಅಣ್ಣ, ಅವನು ಹೇಳಿದ್ದೇ ಮಾತು. ಹಿಂದೆ ಆಸ್ತಿಯೂ ಹಾಗೆಯೇ ತಂಗಿಯ ಮಕ್ಕಳ ಕಡೆಗೆ ಇಳಿಯುತ್ತಿತ್ತಂತೆ. ಊರಿನಲ್ಲಿ ಈ ಪದ್ಧತಿ ಈಗ ಹೆಸರಿಗಷ್ಟೇ ಉಳಿದಿದೆ. ಆದರೆ ದುಬೈಯ ನಮ್ಮ ಫ್ಲ್ಯಾಟಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಅದು ಬಂದು ಊಟಕ್ಕೆ ಕೂರುತ್ತದೆ.

ಸಕ್ಕರೆಯ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಮಾಮನಿಗೆ ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ಚಹಾಕ್ಕೆ ಸಕ್ಕರೆ ಬೇಡ ಎಂದರು. ಮಾಮ ಬಿಟ್ಟರು. ಮರುದಿನದಿಂದ ಇಡೀ ಆಫೀಸು ಬಿಡಬೇಕಾಯಿತು. "ಎಲ್ಲರ ಆರೋಗ್ಯಕ್ಕೂ ಒಳ್ಳೇದು" ಎಂದು ಹೇಳಿ ಆಫೀಸಿನ ಅಡುಗೆ ಮೂಲೆಯಿಂದ ಸಕ್ಕರೆಯನ್ನೇ ತೆಗೆಸಿಹಾಕಿದರು. ಚಹಾ ಮಾಡುವ ಅನ್ಸಿಫ್‌ನಿಂದ ಹಿಡಿದು ಸೇಲ್ಸಿನ ಡಿಕ್ಸನ್‌ವರೆಗೆ ಎಲ್ಲರೂ ಸಪ್ಪೆ ಚಹಾ ಕುಡಿದು "ಚೆನ್ನಾಗುಂಟು ಸಾರ್" ಎಂದರು. ಅಪ್ಪನಿಗೆ ಮಾತ್ರ ಸಕ್ಕರೆಯಿಲ್ಲದ ಚಹಾ ಗಂಟಲಿನಿಂದ ಇಳಿಯುವುದಿಲ್ಲ. ಅವರು ತಮ್ಮ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಫೈಲುಗಳ ಹಿಂದೆ, ನೀಡೋ ಹಾಲಿನಪುಡಿಯ ಒಂದು ಸಣ್ಣ ಖಾಲಿ ಡಬ್ಬದಲ್ಲಿ ಸಕ್ಕರೆ ಇಟ್ಟುಕೊಂಡರು. ಮಾಮ ಶೋರೂಮಿನ ಕಡೆ ಹೋದಾಗ ಡಬ್ಬ ಹೊರಗೆ ಬರುತ್ತದೆ, ಅವರ ಹೆಜ್ಜೆಯ ಸದ್ದು ಕೇಳಿದಾಗ ಒಳಗೆ ಹೋಗುತ್ತದೆ. ರಜೆಯಲ್ಲಿ ನಾನು ಆ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಕೂರುತ್ತಿದ್ದಾಗ ಇದನ್ನು ನೋಡಿ ಮೊದಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆಮೇಲೆ ನಗು ಬರುವುದು ನಿಂತಿತು. ತಲೆ ನರೆತ ಗಂಡಸು ಒಂದು ಚಮಚ ಸಕ್ಕರೆಗಾಗಿ ಬಾಗಿಲ ಕಡೆ ನೋಡುವುದನ್ನು ಕಂಡರೆ ಮಗಳಾದವಳಿಗೆ ಏನಾಗಬೇಡ?

ಆ ಭಾನುವಾರ ನಾನು ಬಾಯಿ ತೆರೆದೆ.

"ಮಾಮ, ಆಮದು-ರಫ್ತು ತಗೊಳ್ತೇನೆ, ಮಾರ್ಕೆಟಿಂಗೂ ತಗೊಳ್ತೇನೆ. ಉಳಿದ ಮೂರು ನಾನೇ ನೋಡಿ ಇಟ್ಟಿದ್ದೇನೆ. ಸಹಕಾರಿ ಉದ್ಯಮ, ಕಾರ್ಮಿಕ ಕಾನೂನು, ಮತ್ತೆ ಕೈಗಾರಿಕೆಗಳ ಇತಿಹಾಸ. ಐದನ್ನೂ ಸ್ಪ್ಯಾನಿಷ್‌ನಲ್ಲೇ ಕಲಿಸ್ತಾರೆ."

ಮಾಮ ಮೀನು ಬಿಟ್ಟು ನನ್ನನ್ನು ನೋಡಿದರು. "ಸಹಕಾರಿ ಅಂದ್ರೆ ಎಂತ? ಸೊಸೈಟಿಯಾ?"

"ಹೌದು. ಕೆಲಸ ಮಾಡುವವರೇ ಸೇರಿ ನಡೆಸುವ ಕಂಪನಿ. ಅಲ್ಲಿ ಅಂಥದ್ದು ತುಂಬಾ ಉಂಟು. ಮ್ಯಾನೇಜರ್ ಯಾರಾಗ್ಬೇಕು ಅಂತ ಕೆಲಸದವರೇ ಓಟು ಹಾಕ್ತಾರೆ."

"ಅಯ್ಯೋ ಮಾರಾಯ್ತಿ, ಸೊಸೈಟಿ ಕಲೀಲಿಕ್ಕೆ ಸ್ಪೇನಿಗೆ ಯಾಕೆ? ನಮ್ಮೂರ ಹಾಲಿನ ಡೈರಿಗೆ ಹೋಗು. ಬೆಳಿಗ್ಗೆ ಕ್ಯಾನು ಹಿಡ್ಕೊಂಡು ಹೋದ್ರೆ ಸಂಜೆ ಒಳಗೆ ಡಿಗ್ರಿ ಕೊಟ್ಟು ಕಳಿಸ್ತಾರೆ!"

ಅಪ್ಪ ನಕ್ಕರು. ಅಮ್ಮನೂ ನಕ್ಕಳು. ನನಗೂ ನಗು ಬಂತು, ಏಕೆಂದರೆ ಮಾಮನ ತಮಾಷೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದೇ ಅಲ್ಲಿ. ಎಲ್ಲರೂ ನಕ್ಕು ಮುಗಿಸುವ ಹೊತ್ತಿಗೆ ಮಾತೂ ಮುಗಿದಿರುತ್ತದೆ.

"ನಾನು ತಮಾಷೆಗೆ ಹೇಳಿದ್ದಲ್ಲ ಮಾಮ."

"ನಾನೂ ಅಲ್ಲ. ನೀನು ಅಲ್ಲಿರುವಾಗ ವಾರಕ್ಕೊಮ್ಮೆ ಫ್ಯಾಕ್ಟರಿಗೆ ಹೋಗಿ ನಮ್ಮ ಮಾಲು ನೋಡ್ಬೇಕು. ಅವರ ಹತ್ರ ಅವರ ಭಾಷೆಯಲ್ಲೇ ರೇಟು ಮಾತಾಡ್ಬೇಕು. ಅದಕ್ಕೇ ನಾನು ಹೂಂ ಅಂದದ್ದು." ಮಾಮ ಕೈತೊಳೆಯಲು ಎದ್ದರು. "ಮತ್ತೆ ನಿನ್ನ ವೀಸಾಕ್ಕೆ ಅಪ್ಪನ ಕಂಪನಿಯ ಎನ್‌ಒಸಿ ಬೇಕಲ್ಲ? ಅದಕ್ಕೆ ಸೀಲು ಒತ್ತುವವ ಯಾರು ಅಂತ ಗೊತ್ತುಂಟಲ್ಲ? ಖಲಾಸ್."

ಎನ್‌ಒಸಿ ಎಂದರೆ ‘ನಮ್ಮದೇನೂ ಅಭ್ಯಂತರವಿಲ್ಲ’ ಎಂದು ಮೇಲಿನವರು ಬರೆದುಕೊಡುವ ಪತ್ರ. ಇಲ್ಲಿ ಬೆಳೆದ ನಮಗೆ ಅದು ಅನ್ನನೀರಿನಷ್ಟೇ ಪರಿಚಿತ. ನನ್ನ ವೀಸಾ ಅಪ್ಪನ ಮೇಲೆ, ಅಪ್ಪನ ವೀಸಾ ಮಾಮನ ಕಂಪನಿಯ ಮೇಲೆ. ಸ್ಪೇನಿನ ವೀಸಾಕ್ಕೆ ಅರ್ಜಿ ಹಾಕಬೇಕಾದರೆ ಅಪ್ಪನ ಕಂಪನಿ ಪತ್ರ ಕೊಡಬೇಕು. ನನ್ನ ಯೂನಿವರ್ಸಿಟಿ ಹೂಂ ಎಂದಿತ್ತು, ಸ್ಪೇನಿನ ಯೂನಿವರ್ಸಿಟಿ ಬಾ ಎಂದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಮರುದಿನ ಯೂನಿವರ್ಸಿಟಿಯಲ್ಲಿ ವೆಲಿಟಾ ಮಿಸ್ಸನ್ನು ಕಂಡೆ. ವಿದೇಶಕ್ಕೆ ಹೋಗುವ ವಿದ್ಯಾರ್ಥಿಗಳ ವ್ಯವಸ್ಥೆಯೆಲ್ಲ ಅವರದ್ದೇ. ಉಡುಪಿ ಕಡೆಯ ಶಿರ್ವದ ಕೊಂಕಣಿಯವರು, ನನ್ನನ್ನು ಕಂಡರೆ ಇಂಗ್ಲಿಷ್ ಬಿಟ್ಟು ಊರಿನ ಕನ್ನಡಕ್ಕೆ ಇಳಿಯುತ್ತಾರೆ.

"ನಿನ್ನ ಮಾಮ ಬೆಳಿಗ್ಗೆ ಫೋನ್ ಮಾಡಿದ್ರು" ಎಂದರು ನಾನು ಕೂರುವ ಮೊದಲೇ.

ನನ್ನ ಕಿವಿ ಬಿಸಿಯಾಯಿತು. "ಇಲ್ಲಿಗಾ? ನಂಬರ್ ಎಲ್ಲಿಂದ ಸಿಕ್ಕಿತು?"

"ನಮ್ಮ ಯಜಮಾನರು, ಡ್ಯಾರಲ್, ನಿನ್ನ ಮಾಮನ ಶೋರೂಮಿಂದಲೇ ಬಾತ್‌ರೂಮ್ ಟೈಲ್ಸ್ ತಗೊಂಡದ್ದು. ದುಬೈ ಎಷ್ಟು ದೊಡ್ಡದಾದ್ರೂ ನಮ್ಮವರಿಗೆ ಸಣ್ಣದೇ ಅಲ್ವಾ? ನಾನು ಹೇಳಿದೆ, ವಿಷಯ ಆರಿಸುವುದು ಸ್ಟೂಡೆಂಟ್, ಮಾಮ ಅಲ್ಲ ಅಂತ. ಅವರಿಗೆ ಬೇಜಾರಾಯ್ತು ಕಾಣ್ತದೆ."

ಆಮೇಲೆ ಅವರು ಕೆಲಸದ ಮಾತಿಗೆ ಬಂದರು. ಇಂಗ್ಲಿಷ್‌ನಲ್ಲಿ ಕಲಿಸುವ ವಿಷಯಗಳನ್ನು ಆರಿಸಿಕೊಂಡರೆ ಕಷ್ಟವಿಲ್ಲ, ಪಾಸಾಗುವುದು ಖಂಡಿತ. ಸ್ಪ್ಯಾನಿಷ್‌ನಲ್ಲಿ ಕಲಿಯುವುದಾದರೆ ಅಲ್ಲಿಯ ಮಕ್ಕಳ ಜೊತೆಗೇ ಕೂರಬೇಕು, ಅವರ ಜೊತೆಗೇ ಪರೀಕ್ಷೆ ಬರೆಯಬೇಕು, ಅದಕ್ಕೆ ಮೊದಲು ಪ್ರೊಫೆಸರ್ ವಿಡಿಯೋದಲ್ಲಿ ಮಾತಾಡಿಸಿ ನೋಡುತ್ತಾರೆ. ಅಲ್ಲಿಗೆ ಹೋದ ಮೇಲೂ ಮೊದಲ ಎರಡು ವಾರ ವಿಷಯ ಬದಲಿಸಲು ಅವಕಾಶವಿದೆ.

"ಫೇಲಾದ್ರೆ ಒಂದು ವರ್ಷ ಹೋಗ್ತದೆ, ಆಯ್ತಾ? ಯೋಚನೆ ಮಾಡು."

"ಮಾಡಿ ಆಯ್ತು ಮಿಸ್."

ವಿಡಿಯೋದಲ್ಲಿ ಬಂದ ಪ್ರೊಫೆಸರ್ ಬಿಳಿ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡ ಹೆಂಗಸು. ವೆಲೆನ್ಸಿಯಾದ ಅವರ ಕೋಣೆಯ ಕಿಟಕಿಯಲ್ಲಿ ಒಂದು ಬೆಕ್ಕು ಕುಳಿತಿತ್ತು. ಅವರು ಕುಶಲೋಪರಿ ಮಾತಾಡಲೇ ಇಲ್ಲ, ನೇರವಾಗಿ ಕೇಳಿದರು: ದುಬೈಯಲ್ಲಿ ಬಿಸಿನೆಸ್ ಓದುವ ಹುಡುಗಿಗೆ ಸಹಕಾರಿ ಉದ್ಯಮ ಏಕೆ ಬೇಕು?

ನಾನು ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಜಾಗತಿಕ ಆರ್ಥಿಕತೆ, ಸುಸ್ಥಿರ ಅಭಿವೃದ್ಧಿ ಮುಂತಾದ ದೊಡ್ಡ ದೊಡ್ಡ ಪದಗಳು. ಆ ಕ್ಷಣ ಒಂದೂ ನೆನಪಾಗಲಿಲ್ಲ. ಯೂನಿವರ್ಸಿಟಿಯಲ್ಲಿ ಕಲಿತ ನನ್ನ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ ಮಾಮನ ಆಫೀಸಿನ ಚಹಾದ ಕಥೆ ಹೇಳಿದೆ. ಒಬ್ಬರಿಗೆ ಕಾಯಿಲೆ ಬಂದರೆ ಎಲ್ಲರೂ ಸಪ್ಪೆ ಚಹಾ ಕುಡಿಯಬೇಕಾದ್ದು, ನನ್ನ ಅಪ್ಪ ಸಕ್ಕರೆಯನ್ನು ಕದ್ದು ತಿನ್ನುವಂತೆ ತಿನ್ನುವುದು. ಚಹಾಕ್ಕೆ ಸಕ್ಕರೆ ಹಾಕಬೇಕೋ ಬೇಡವೋ ಎಂದು ಚಹಾ ಕುಡಿಯುವವರನ್ನೇ ಕೇಳುವ ಕಂಪನಿ ಲೋಕದಲ್ಲಿ ಇದ್ದರೆ ಅದು ಹೇಗೆ ನಡೆಯುತ್ತದೆಂದು ನನಗೆ ತಿಳಿಯಬೇಕು ಎಂದೆ. ಇಂಥ ಕಂಪನಿ ಮುಳುಗುವುದಾದರೆ ಏಕೆ ಮುಳುಗುತ್ತದೆ ಎಂಬುದೂ ತಿಳಿಯಬೇಕು.

ಅವರು ಮೊದಲು ನಕ್ಕರು. ಆಮೇಲೆ ನಗದೆ, ನನ್ನ ವ್ಯಾಕರಣ ಕೆಟ್ಟದಾಗಿದೆ, ಸೆಪ್ಟೆಂಬರಿನೊಳಗೆ ಸರಿಮಾಡಿಕೊಂಡು ಬಾ ಎಂದರು. ನಾನು ಅಂದೇ ಐದು ವಿಷಯಗಳನ್ನೂ ಗುರುತಿಸಿ ಕಳಿಸಿಬಿಟ್ಟೆ. ಎರಡು ಮಾಮನದ್ದು, ಮೂರು ನನ್ನದು.

ಸಂಜೆ ಅಮ್ಮ ಮೀನು ತೊಳೆಯುತ್ತಾ ಎಲ್ಲ ಕೇಳಿಸಿಕೊಂಡಳು.

"ನೀನು ಈಗ ಮಾಮ ಹೇಳಿದ್ದನ್ನೇ ಹಾಕಿದ್ದೇನೆ ಅಂತ ಹೇಳು ಮಗಳೇ. ಸೀಲು ಒತ್ತಿಸ್ಕೊ. ಎರಡು ವಾರ ಬದಲಿಸ್ಲಿಕ್ಕೆ ಆಗ್ತದೆ ಅಂತ ವೆಲಿಟಾ ಹೇಳಿದ್ದಾರಲ್ಲ, ಕೇಳಿದ್ರೆ ಅಲ್ಲಿ ಹೋಗಿ ಬದಲಾಯ್ತು ಅಂದ್ರಾಯ್ತು. ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಗ್ತದೆ."

"ಓಹೋ, ದೊಡ್ಡ ಹರಿಶ್ಚಂದ್ರನ ಮೊಮ್ಮಗಳು! ಸ್ವಲ್ಪ ಬಗ್ಗಿದ್ರೆ ಎಂತ ಹೋಗ್ತದೆ ನಿನಗೆ? ನಾವೆಲ್ಲ ಬದುಕ್ಲಿಲ್ವಾ?"

"ಹೇಗೆ ಬದುಕಿದ್ದು ಅಮ್ಮ? ಅಪ್ಪನ ಹಾಗೆ, ಡ್ರಾಯರಲ್ಲಿ ಸಕ್ಕರೆ ಇಟ್ಕೊಂಡು. ಮಾಮ ಆಚೆ ಹೋದಾಗ ತಿನ್ನುವುದು, ಈಚೆ ಬಂದಾಗ ಬಾಯಿ ಒರೆಸಿಕೊಳ್ಳುವುದು. ನನಗೆ ಡ್ರಾಯರಿನ ಸಕ್ಕರೆ ಬೇಡ. ಇಟ್ಸ್ ಮೈ ಸೆಮಿಸ್ಟರ್. ತಿನ್ನುವುದಾದ್ರೆ ಎದುರಲ್ಲೇ ತಿನ್ತೇನೆ."

ಹಾಲ್‌ನಲ್ಲಿ ಟಿವಿಯ ಸದ್ದು ಥಟ್ಟನೆ ಕಡಿಮೆಯಾಯಿತು. ಅಪ್ಪ ಅಲ್ಲಿ ಕುಳಿತಿದ್ದಾರೆಂಬುದು ನನಗೆ ಮರೆತೇಹೋಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಸದ್ದು ಮತ್ತೆ ಏರಿತು. ನಾನು ಹೇಳಿದ್ದು ಸುಳ್ಳಲ್ಲ, ಆದರೂ ನನಗೆ ಅಳು ಬಂತು.

ಆ ವಾರವೇ ನಾನು ಅಪ್ಪನ ಜೊತೆ ಅಲ್ ಕೂಜ್‌ಗೆ ಹೋದೆ. ಶೋರೂಮಿನ ಮೇಲೆ ಹೊಸ ಬೋರ್ಡು ಬಂದಿತ್ತು: ಗುಣಪಾಲ ಆ್ಯಂಡ್ ಸನ್. ಸನ್ ಎಂದರೆ ಹರ್ಷಿತ್. ಮಾಮನ ಒಬ್ಬನೇ ಮಗ, ಒಳ್ಳೆಯ ಹುಡುಗ, ಅಮೃತಶಿಲೆಗೂ ಅದರಂತೆ ಕಾಣುವ ಟೈಲ್ಸಿಗೂ ವ್ಯತ್ಯಾಸ ಗೊತ್ತಿಲ್ಲದವನು. ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, "ಡ್ಯಾಡ್ ಮೂಡ್ ಸರಿ ಇಲ್ಲ, ಇವತ್ತು ಬೇಡ" ಎಂದು ಪಿಸುಗುಟ್ಟಿದ. ನನ್ನ ಮೂಡೂ ಸರಿಯಿಲ್ಲ ಎಂದು ಒಳಗೆ ನಡೆದೆ.

ಮಾಮನ ಮೇಜಿನ ಮೇಲೆ ಎನ್‌ಒಸಿ ಅಚ್ಚಾಗಿ ಸಿದ್ಧವಾಗಿತ್ತು. ಪಕ್ಕದಲ್ಲಿ ಸೀಲು. ಅನ್ಸಿಫ್ ಚಹಾ ತಂದಿಟ್ಟ.

"ವಿಷಯ ಹಾಕಿ ಆಯ್ತಾ?" ಮಾಮ ಸೀಲನ್ನು ಕೈಯಲ್ಲಿ ಹಿಡಿದೇ ಕೇಳಿದರು.

"ಆಯ್ತು ಮಾಮ."

"ನಾನು ಹೇಳಿದ್ದೇ ಅಲ್ವಾ?"

ಹೂಂ ಎಂದುಬಿಟ್ಟರೆ ಸಾಕಿತ್ತು. ಸೀಲಿನ ಶಾಯಿ ಕಾಗದಕ್ಕೆ ಎರಡು ಅಂಗುಲ ದೂರದಲ್ಲಿತ್ತು. ಅಪ್ಪ ನನ್ನ ಕಡೆ ನೋಡದೆ ಚಹಾದ ಕಪ್ಪನ್ನೇ ನೋಡುತ್ತಿದ್ದರು.

"ಅಲ್ಲ. ಎರಡು ನೀವು ಹೇಳಿದ್ದು. ಮೂರು ನಾನು ಹೇಳಿದ್ನಲ್ಲ, ಅದೇ."

ಮಾಮ ಸೀಲನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. "ಮೊಂಡ ರಾಜನಿಗಿಂತ ಬಲವಂತ ಅಂತ ಹೇಳ್ತಾರೆ. ಆದ್ರೆ ರಾಜನ ಸೀಲು ಮೊಂಡನ ಹತ್ರ ಇರುವುದಿಲ್ಲ. ಬದಲಿಸಿಕೊಂಡು ಬಾ, ಒತ್ತಿ ಕೊಡ್ತೇನೆ. ನಿನ್ನ ಒಳ್ಳೇದಕ್ಕೇ ಹೇಳುವುದು ನಾನು. ನಮ್ಮ ಕುಟುಂಬದಲ್ಲಿ ಯಜಮಾನನ ಮಾತು ಮೀರಿದವರು ಯಾರೂ ಇಲ್ಲ. ಇದು ಅಳಿಯಕಟ್ಟಿನ ಮನೆ, ನೆನಪಿಟ್ಕೊ."

"ಹೌದಾ ಮಾಮ?" ನನ್ನ ಧ್ವನಿ ಏರಿತು. ಗಾಜಿನ ಗೋಡೆಯ ಆಚೆ ಡಿಕ್ಸನ್ ತಲೆ ಎತ್ತಿದ. "ಅಳಿಯಕಟ್ಟಾದ್ರೆ ಹೊರಗೆ ಬೋರ್ಡಲ್ಲಿ ಸನ್ ಅಂತ ಯಾಕೆ ಉಂಟು? ಮಾತು ಕೇಳ್ಲಿಕ್ಕೆ ಅಳಿಯಕಟ್ಟು, ಶೋರೂಮಿಗೆ ಮಕ್ಕಳಕಟ್ಟಾ? ನನಗೆ ನಿಮ್ಮ ಶೋರೂಮು ಬೇಡ, ಹರ್ಷಿತ್‌ಗೇ ಇರ್ಲಿ. ಆದ್ರೆ ಕೊಡುವುದು ಅವನಿಗೆ, ಆಳುವುದು ನನ್ನನ್ನು, ಅದಾಗುವುದಿಲ್ಲ."

ಮಾಮನ ಮುಖ ಕೆಂಪಾಯಿತು. ಇಷ್ಟು ವರ್ಷಗಳಲ್ಲಿ ಅವರ ಎದುರು ಯಾರೂ ಈ ಮಾತನ್ನು ಆಡಿರಲಿಲ್ಲ, ಮನಸ್ಸಿನಲ್ಲಿ ಎಷ್ಟು ಜನ ಆಡಿದ್ದರೋ ಗೊತ್ತಿಲ್ಲ.

"ಉಂಡ ಮನೆಗೆ ಎರಡು ಬಗೆಯುವುದು ಅಂದ್ರೆ ಇದೇ! ನಿನ್ನ ಅಮ್ಮನನ್ನು ಕೇಳು ಹೋಗು. ಅಮ್ಮಣ್ಣಿ ಒಂದೇ ಒಂದು ದಿನ ನನ್ನ ಮಾತು ಮೀರಿದ್ದಾಳಾ ಅಂತ ಕೇಳು." ಅಪ್ಪನ ಕಡೆ ತಿರುಗಿದರು. "ತಿಲಕ್, ನಿಮ್ಮ ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ."

ನಾನು ಅಪ್ಪನನ್ನು ನೋಡಿದೆ. ಅಪ್ಪ ಬಾಯಿ ತೆರೆದರು. ‘ಹೌದು ಭಾವ, ಅದೇ ಸರಿ’ ಬರುತ್ತದೆಂದು ಕಾದೆ. ಅದು ಬರಲಿಲ್ಲ, ಬೇರೆ ಏನೂ ಬರಲಿಲ್ಲ. ಕಪ್ಪನ್ನು ಕೆಳಗಿಟ್ಟು, "ಬಾ" ಎಂದು ನನಗೆ ಹೇಳಿ ಎದ್ದರು. ಕಾರಿನಲ್ಲಿ ಅಲ್ ನಹ್ದಾ ತಲುಪುವವರೆಗೆ ಅವರು ಆಡಿದ ಮಾತು ಒಂದೇ: "ಎಸಿ ಜಾಸ್ತಿ ಆಯ್ತಾ?" ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ನಾನು ಎಸಿಯನ್ನೇ ಆರಿಸಿಬಿಟ್ಟೆ.

ಮನೆಯಲ್ಲಿ ಅಮ್ಮ ಆಸ್ಪತ್ರೆಯಿಂದ ಆಗ ತಾನೇ ಬಂದಿದ್ದಳು. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಳು ಕೂಡ. ಬೋರ್ಡಿನ ಮಾತು ಆಡಬಾರದಿತ್ತು, ಹಿರಿಯರಿಗೆ ಹಾಗೆ ಹೇಳಿದರೆ ದೇವರು ಮೆಚ್ಚುವುದಿಲ್ಲ ಎಂದಳು. ಆಮೇಲೆ ಮಾಮ ಅವಳ ಬಗ್ಗೆ ಹೇಳಿದ್ದನ್ನು ಹೇಳಿದೆ. ಊಟದ ಡಬ್ಬಿ ತೊಳೆಯುತ್ತಿದ್ದ ಅಮ್ಮನ ಕೈ ನಿಂತಿತು.

"ಹಾಗೆ ಹೇಳಿದ್ರಾ ಅಣ್ಣ?"

"ಹಾಗೇ ಹೇಳಿದ್ರು. ಒಂದೇ ಒಂದು ದಿನ ಮೀರಿದ್ದಾಳಾ ಅಂತ."

ಅಮ್ಮ ಕುರ್ಚಿ ಎಳೆದು ಕುಳಿತಳು. "ಮೀರ್ಲಿಲ್ಲ, ಹೌದು. ನಾನು ಎಂ.ಕಾಂ. ಮಾಡ್ಬೇಕು ಅಂತ ಇದ್ದೆ, ಬೇಡ ಅಂದ್ರು, ಆಯ್ತು ಅಂದೆ. ಬರ್ ದುಬೈಯಲ್ಲಿ ಮನೆ ನೋಡಿದ್ದೆ, ದೋಣಿಗಳು ಕಾಣ್ತವೆ ಅಂತ ಆಸೆ ಇತ್ತು, ಇಲ್ಲಿ ಸಾಕು ಅಂದ್ರು, ಆಯ್ತು ಅಂದೆ. ಅವರಿಗೆ ಬೇಸರ ಮಾಡ್ಬಾರ್ದು ಅಂತ ಸುಮ್ಮನಿದ್ದದ್ದು. ಅದನ್ನು ಈಗ ನನ್ನ ಮಗಳ ಮೇಲೆ ದೊಣ್ಣೆ ಮಾಡಿ ಎತ್ತಿದ್ರಾ?"

ಅಷ್ಟು ಹೊತ್ತು ಅವಳ ಮುಖದಲ್ಲಿ ನನ್ನ ಮೇಲಿದ್ದ ಸಿಟ್ಟು ಜಾಗ ಬದಲಿಸಿದ್ದು ನನಗೆ ಕಣ್ಣಾರೆ ಕಂಡಿತು. ಎದ್ದು ಕೈಚೀಲದಿಂದ ಫೋನ್ ತೆಗೆದು ಆಸ್ಪತ್ರೆಯಲ್ಲಿ ಅವಳ ಜೊತೆ ಕೆಲಸ ಮಾಡುವ ಜುಬೈದಾಳಿಗೆ ಫೋನ್ ಮಾಡಿದಳು. ಜುಬೈದಾ ತನ್ನ ಮಕ್ಕಳ ವೀಸಾವನ್ನು ತನ್ನ ಹೆಸರಿನಲ್ಲೇ ಮಾಡಿಸಿಕೊಂಡವಳು. ಹೇಗೆ, ಎಲ್ಲಿ, ಏನೇನು ಕಾಗದ ಎಂದು ಕೇಳಿ ತಿಳಿದುಕೊಂಡು ಅಮ್ಮ ಫೋನ್ ಇಟ್ಟಳು.

"ನಾಳೆ ರಜೆ ಹಾಕ್ತೇನೆ. ಅರ್ಜಿ ಹಾಕ್ಲಿಕ್ಕೆ ಟೈಪಿಂಗ್ ಸೆಂಟರಿಗೆ ಹೋಗುವ. ನಿನ್ನನ್ನು ಅಪ್ಪನ ಫೈಲಿಂದ ತೆಗೆದು ನನ್ನ ಫೈಲಿಗೆ ಹಾಕಿಸ್ತೇನೆ. ಆಮೇಲೆ ಎನ್‌ಒಸಿ ಕೊಡುವುದು ನನ್ನ ಆಸ್ಪತ್ರೆ. ಅಣ್ಣನಿಗೆ ಅಳಿಯಕಟ್ಟು ಬೇಕಲ್ಲ? ಅಳಿಯಕಟ್ಟಿನಲ್ಲಿ ಮಕ್ಕಳು ಹೆತ್ತವಳದ್ದು. ಹಾಗೇ ಆಗ್ಲಿ."

ಇದಕ್ಕೂ ಒಂದು ಕಾಗದ ಬೇಕಿತ್ತು. ಅಪ್ಪ ತಮ್ಮ ಅಭ್ಯಂತರವಿಲ್ಲವೆಂದು ಬರೆದುಕೊಡಬೇಕು. ಮರುದಿನ ಅಮ್ಮ ಅದನ್ನು ಟೈಪ್ ಮಾಡಿಸಿ ತಂದು ಅಪ್ಪನ ಮುಂದಿಟ್ಟಳು. ಮಾಮ ಕೊಟ್ಟ ಯಾವ ಕಾಗದವನ್ನೂ ಓದದೆ ಸಹಿ ಹಾಕುವ ಅಪ್ಪ ಇದನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಭಾವನಿಗೆ ಗೊತ್ತಾದ್ರೆ?"

"ಗೊತ್ತಾಗ್ಲಿ ಅಂತಲೇ ಮಾಡುವುದು" ಎಂದಳು ಅಮ್ಮ.

ಅಪ್ಪ ಪೆನ್ನಿನ ಮುಚ್ಚಳ ತೆಗೆದರು. ಅವರ ಕೆಲಸ, ಅವರ ವೀಸಾ, ಈ ಮನೆಯ ಅರ್ಧ ಬದುಕು ಇನ್ನೂ ಮಾಮನ ಕೈಯಲ್ಲಿತ್ತು. ನನಗೆ ಅದು ಆಗ ಅರ್ಥವಾಯಿತು, ಬೇಡ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಅಪ್ಪ ಸಹಿ ಹಾಕಿದರು.

ಆಸ್ಪತ್ರೆಯವರು ಅಮ್ಮನಿಗೆ ಪತ್ರ ಕೊಟ್ಟಾಗ ಮಗಳು ಯಾವ ವಿಷಯ ಓದುತ್ತಾಳೆಂದು ಯಾರೂ ಕೇಳಲಿಲ್ಲವಂತೆ. ಹೊಸ ವೀಸಾ ಬಂದ ಮೇಲೆ, ಸ್ಪೇನಿನ ವೀಸಾಕ್ಕೆ ಕಾಗದ ಕೊಡಲು ನಾವಿಬ್ಬರೂ ಅಲ್ ಗುಬೈಬಾದಿಂದ ಅಬುಧಾಬಿಯ ಬಸ್ಸು ಹತ್ತಿದೆವು. ಹೊರಗೆ ಜೂನ್ ತಿಂಗಳ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಎಸಿಯ ಚಳಿ. ಅಮ್ಮ ದುಪಟ್ಟಾವನ್ನು ನಮ್ಮಿಬ್ಬರ ಮೇಲೂ ಹೊದಿಸಿದಳು. ಜೆಬೆಲ್ ಅಲಿ ದಾಟಿದ ಮೇಲೆ, "ಅಲ್ಲ, ಆ ಕಾರ್ಮಿಕ ಕಾನೂನಿನಲ್ಲಿ ಎಂತ ಕಲಿಸ್ತಾರೆ?" ಎಂದು ಕೇಳಿದಳು. ಏನು ಓದಬೇಕೆಂದು ಹೇಳಿದವರು ನಮ್ಮ ಮನೆಯಲ್ಲಿ ಬೇಕಾದಷ್ಟು ಜನರಿದ್ದರು, ಏನು ಓದುತ್ತೀ ಎಂದು ಕೇಳಿದವಳು ಅವಳೊಬ್ಬಳೇ. ಅಬುಧಾಬಿ ಬರುವವರೆಗೂ ಹೇಳುತ್ತಾ ಹೋದೆ. ಅವಳು ಮಧ್ಯೆ ಮಧ್ಯೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಪ್ರೊಫೆಸರನ್ನು ಕೇಳಬೇಕೆಂದು ಫೋನಿನಲ್ಲಿ ಬರೆದಿಟ್ಟುಕೊಂಡೆ.

ಮಾಮ ಭಾನುವಾರಗಳಂದು ಬರುವುದನ್ನು ನಿಲ್ಲಿಸಿದರು. ಅಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಆಫೀಸಿನಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ ಎಂದು ಹರ್ಷಿತ್ ಮೆಸೇಜ್ ಮಾಡಿದ್ದ. ಅಪ್ಪ ಅದನ್ನು ಮನೆಯಲ್ಲಿ ಹೇಳಲೇ ಇಲ್ಲ.

ಹೊರಡುವ ಹಿಂದಿನ ದಿನ ಅಮ್ಮ, "ಹೋಗಿ ಮಾಮನ ಕಾಲು ಹಿಡಿದು ಬಾ. ಜಗಳ ಬೇರೆ, ಆಶೀರ್ವಾದ ಬೇರೆ" ಎಂದಳು. ನನಗೂ ಹೋಗಬೇಕೆಂದೇ ಇತ್ತು. ಅಪ್ಪನ ಜೊತೆ ಅಲ್ ಕೂಜ್‌ಗೆ ಹೋದೆ.

ಮಾಮ ನನ್ನನ್ನು ನೋಡಿ ಕನ್ನಡಕ ತೆಗೆದರು. ನಾನು ಕಾಲು ಮುಟ್ಟಿದೆ. ಅವರ ಕೈ ನನ್ನ ತಲೆಯ ಮೇಲೆ ಬಂತು, ಅಭ್ಯಾಸಬಲದಿಂದಲೋ ಏನೋ, ಸ್ವಲ್ಪ ಹೆಚ್ಚು ಹೊತ್ತೇ ಇತ್ತು.

"ಆಮದು-ರಫ್ತು ತಗೊಂಡಿದ್ದಿ ಅಲ್ವಾ?"

"ತಗೊಂಡಿದ್ದೇನೆ ಮಾಮ."

"ಮತ್ತೆ ಆ ಸೊಸೈಟಿ?"

"ಅದೂ ಉಂಟು."

"ಹೂಂ" ಎಂದರು. "ಕೂತ್ಕೊ. ಅನ್ಸಿಫ್, ಚಾಯ್."

ಚಹಾ ಬಂತು. ಮಾಮನ ಮುಂದೆ ಒಂದು, ನನ್ನ ಮುಂದೆ ಒಂದು, ಅಪ್ಪನ ಮುಂದೆ ಒಂದು. ಲೆಕ್ಕದ ಕಾಗದಕ್ಕೆ ಸಹಿ ಬೇಕೆಂದು ಡಿಕ್ಸನ್ ಬಾಗಿಲಲ್ಲಿ ನಿಂತಿದ್ದ, ಅವನ ಕೈಯಲ್ಲೂ ಕಪ್ಪಿತ್ತು. ನಾನು ಒಂದು ಗುಟುಕು ಕುಡಿದೆ. ಅದೇ ಸಪ್ಪೆ ಚಹಾ.

ಅಪ್ಪ ಎದ್ದು ಹೊರಗೆ ಹೋದರು. ಗಾಜಿನ ಗೋಡೆಯ ಆಚೆ ತಮ್ಮ ಮೇಜಿನ ಬಳಿ ಬಗ್ಗಿದ್ದು ಕಂಡಿತು. ಡ್ರಾಯರನ್ನು ಕಿರ್ರೆಂದು ಎಳೆದ ಸದ್ದು ಒಳಗೂ ಕೇಳಿಸಿತು. ಅವರು ಮಾಮನ ಕೋಣೆಗೆ ವಾಪಸು ಬಂದಾಗ ಕೈಯಲ್ಲಿ ನೀಡೋ ಡಬ್ಬವಿತ್ತು. ಅದನ್ನು ಮಾಮನ ಗಾಜಿನ ಮೇಜಿನ ನಟ್ಟನಡುವೆ ಇಟ್ಟು, ಮುಚ್ಚಳ ತೆಗೆದು, ತಮ್ಮ ಕಪ್ಪಿಗೆ ಎರಡು ಚಮಚ ಹಾಕಿ ಕಲಕಿದರು. ಚಮಚದ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಬಂತು. ಡಬ್ಬವನ್ನು ನನ್ನ ಕಡೆ ಸರಿಸಿದರು. ನಾನೂ ಹಾಕಿಕೊಂಡೆ.

ಬಾಗಿಲಲ್ಲಿದ್ದ ಡಿಕ್ಸನ್ ಗಂಟಲು ಸರಿಮಾಡಿಕೊಂಡು, "ತಿಲಕ್ ಸಾರ್, ನನಗೂ ಒಂದು ಚಮಚ" ಎಂದು ಕಪ್ಪು ಚಾಚಿದ. ಅವನ ಹಿಂದೆ ಅನ್ಸಿಫ್ ಅಡುಗೆ ಮೂಲೆಗೆ ಓಡಿ ತನ್ನ ಲೋಟ ತಂದ.

ಮಾಮ ಒಬ್ಬೊಬ್ಬರನ್ನೇ ನೋಡಿದರು. "ಎಂತ ಇದು? ಎಲ್ಲರೂ ಸೇರಿ ನನ್ನನ್ನು ಸಾಯಿಸ್ಬೇಕು ಅಂತ ಉಂಟಾ?"

ಅಪ್ಪ ಚಹಾವನ್ನು ನಿಧಾನವಾಗಿ ಕುಡಿದು, ಕಪ್ಪನ್ನು ಕೆಳಗಿಟ್ಟು, ಮಾಮನ ಮುಖವನ್ನೇ ನೋಡಿ ಹೇಳಿದರು.

"ನಿಮ್ಮ ಕಪ್ಪಿಗೆ ನಾನು ಹಾಕ್ಲಿಲ್ಲ ಭಾವ."

ಮಾಮ ತಮ್ಮ ಸಪ್ಪೆ ಚಹಾವನ್ನು ಎತ್ತಿ ಕುಡಿದರು. ನಾವು ಹೊರಡಲು ಎದ್ದಾಗ ಅಪ್ಪ ಡಬ್ಬವನ್ನು ಎತ್ತಿಕೊಳ್ಳಲಿಲ್ಲ. ಅದು ಮಾಮನ ಮೇಜಿನ ಮೇಲೆಯೇ ಇತ್ತು.